ನಕ್ಷತ್ರಯಾತ್ರೆಗೆ ಮನುಷ್ಯನೋ, ಯಂತ್ರಪುರುಷನೋ?

(ಮಹೋತ್ಸವದ ಅಂಗವಾಗಿ ಮಂಗಳೂರಿನಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣ ತರ್ಕಗಳನ್ನು ಪಾಠಶಾಲೆಯಲ್ಲಿ ಓದಿದವನಿಗೆ ನಕ್ಷತ್ರಯಾನದ ಗೊಡವೆಯೇಕೆಂದು ತಾವು ಶಂಕಿಸಬಹುದು. ಈ ನಗರದ ಪಿಲಿಕುಳದಲ್ಲಿ 2018ರಲ್ಲಿ ಸ್ವಾಮಿ ವಿವೇಕಾನಂದ ತಾರಾಲಯವು ತೆರೆದಂದಿನಿಂದ ಅದನ್ನು ನೋಡಿಬಂದ ವಿದ್ಯಾರ್ಥಿಗಳು, ಅನ್ಯ ನಕ್ಷತ್ರಗಳಿಗೆ ಹೋಗಬೇಕಾದವನು ಮನುಷ್ಯನೋ ಯಂತ್ರವೋ ಎಂದು ಕೇಳುತ್ತಲೇ ಇರುವರು. ಕೇಳಿದವರಿಗೆ ಉತ್ತರವೀಯದೆ ಸುಮ್ಮನಿರುವುದು ಅಧ್ಯಾಪಕನ ಧರ್ಮವಲ್ಲವಷ್ಟೆ.

ಮೊದಲು ದೂರವನ್ನು ತಿಳಿಯೋಣ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷಗಳ ಆಚೆಗಿದೆ. ಎಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರು. 1977ನೆಯ ಸೆಪ್ಟೆಂಬರ್ 5ರಂದು ಅಮೆರಿಕದವರು ಹಾರಿಸಿದ ವಾಯೇಜರ್ 1 ಎಂಬ ನೌಕೆಯು 2012ರ ಆಗಸ್ಟಿನಲ್ಲಿ ಸೂರ್ಯಮಾರುತದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಬಯಲನ್ನು ಹೊಕ್ಕಿತು. ಕ್ಷಣಕ್ಕೆ 17 ಕಿಲೋಮೀಟರಿನಂತೆ ಓಡುವ ಆ ನೌಕೆಯ ವೇಗದಿಂದ ಪ್ರಾಕ್ಸಿಮಾದಷ್ಟು ದೂರ ಸಾಗಲು 70,000 ವರ್ಷಗಳಿಗೂ ಮಿಗಿಲು ಬೇಕು. ಅದರ ಮೇಲಿರುವ ಚಿನ್ನದ ಲೇಪದ ಮುದ್ರಿಕೆಯಲ್ಲಿ 55 ಭಾಷೆಗಳ ವಂದನೆಗಳಿವೆ; ಅವುಗಳಲ್ಲಿ ಕನ್ನಡವೂ ಒಂದು. ನಮ್ಮ ನೆರೆಯ ಗೋವೆಯ ಕೇರಿಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರರ ಭೈರವಿಯೂ ಅಲ್ಲಿದೆ. ಆದುದರಿಂದ ಕನ್ನಡದ ನುಡಿಯು ಆಗಲೇ ಹೊರಟುಹೋಗಿದೆ. ನುಡಿದವರು ಮಾತ್ರ ಇಲ್ಲಿಯೇ ಉಳಿದರು.

ಯಂತ್ರಕ್ಕೆ ಅನ್ನ ಬೇಡ, ನಿದ್ರೆ ಬೇಡ, ಮನೆಯ ನೆನಪಿಲ್ಲ. ಆದರೂ ಅದರಲ್ಲೊಂದು ಕೊರತೆಯುಂಟು. 2023ನೆಯ ಆಗಸ್ಟ್ 23ರಂದು ಚಂದ್ರಯಾನ 3ರ ವಿಕ್ರಮವು ಚಂದ್ರನ ಮೇಲೆ ತನ್ನಷ್ಟಕ್ಕೆ ತಾನೇ ಇಳಿಯಿತು. ನಾಲ್ಕು ದಿನಗಳ ತರುವಾಯ ಪ್ರಜ್ಞಾನವೆಂಬ ಅದರ ಗಾಲಿಬಂಡಿಗೆ 3 ಮೀಟರು ಮುಂದೆ 4 ಮೀಟರು ಅಗಲದ ಕುಳಿಯೊಂದು ಎದುರಾಗಲು, ಬಂದ ದಾರಿಯಲ್ಲಿಯೇ ಹಿಂದಿರುಗೆಂದು ಭೂಮಿಯಿಂದ ಆಜ್ಞೆ ಹೋಯಿತು. ಚಂದ್ರನಿಗೆ ಆಜ್ಞೆ ತಲುಪಲು ಒಂದು ಕ್ಷಣಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಅದೇ ಕುಳಿಯು ಪ್ರಾಕ್ಸಿಮಾದ ಬಳಿಯಲ್ಲಿ ಎದುರಾದರೆ, ಕೇಳಿದ ಮಾತಿಗೆ ಮರುಮಾತು ಸಿಕ್ಕುವುದು ಸುಮಾರು 8½ ವರ್ಷಗಳ ಮೇಲೆ! ನಮ್ಮ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೇರಿಕೊಂಡು ಹೋಗುವ ಮಂಜಿಯ ತಂಡೇಲನು ಗಾಳಿ ತಿರುಗಿದೊಡನೆ ತಾನೇ ನಿಶ್ಚಯಿಸುವನಲ್ಲದೆ, ದಡದಲ್ಲಿರುವ ಧಣಿಯನ್ನು ಕೇಳುತ್ತ ಕೂಡುವುದಿಲ್ಲ. ಅಂಥ ವಿವೇಚನೆಯನ್ನು ಯಂತ್ರಕ್ಕೆ ಕಲಿಸಬೇಕಾಗಿದೆ. ಇದನ್ನು ಕಂಡು ಕೆಲವರು, ಚಲಿಸುವ ಯಂತ್ರವೂ ಜಂಗಮವೇ ಎಂದು ವಿನೋದವಾಡುವರು. ಚಲನೆ ಮಾತ್ರದಿಂದ ಜಂಗಮತ್ವ ಬರುವುದಾದರೆ ಗಾಡಿಯ ಗಾಲಿಗೂ ಪಾದಪೂಜೆ ಮಾಡಬೇಕಾದೀತು.

ಹಾಗಾದರೆ ಮನುಷ್ಯನನ್ನೇ ಕಳುಹಿಸಬಾರದೇಕೆ? ರಷ್ಯದ ಪೊಲ್ಯಕೋವ್ 1994-95ರಲ್ಲಿ ಅಂತರಿಕ್ಷದಲ್ಲಿ ಒಂದೇಸಮನೆ 437 ದಿನಗಳನ್ನು ಕಳೆದರು. ಒಂದು ಯಾತ್ರೆಯಲ್ಲಿ ಅಷ್ಟು ಕಾಲ ಅಲ್ಲಿದ್ದವರು ಮತ್ತೊಬ್ಬರಿಲ್ಲ. ನಕ್ಷತ್ರಯಾತ್ರೆಗೆ ಅದು ಬಾಗಿಲ ಹೊಸ್ತಿಲೂ ಅಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ಪ್ರಯೋಗಕ್ಕಾಗಿ ಹೆಸರುಕಾಳೂ ಮೆಂತ್ಯವೂ ಮೊಳಕೆಗೆ ಹೋದುವು. ದೀರ್ಘಯಾತ್ರೆಯಲ್ಲಿ ಅನ್ನವನ್ನು ಅಲ್ಲಿಯೇ ಬೆಳೆಯಬೇಕಷ್ಟೆ. ಅನ್ನ ಒದಗಿದರೂ ವಿಶ್ವಕಿರಣಗಳಿವೆ. ದೇಹದ ಕಣಕಣವನ್ನೂ ಭೇದಿಸಿ ಹಾನಿಮಾಡತಕ್ಕವು. ನಮ್ಮ ಉಡುಪಿಯ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರರಾಯರು ಈ ಕಿರಣಗಳನ್ನೇ ಅಭ್ಯಸಿಸಿದ ಪಂಡಿತರು. ಅವರ ಉಪಕರಣಗಳು ಪಯೊನೀರ್ ನೌಕೆಗಳಲ್ಲಿ, ಮನುಷ್ಯರಾರೂ ಇಲ್ಲದೆಯೇ, ಕೆಲಸಮಾಡಿದುವು.

ಇವೆಲ್ಲಕ್ಕೂ ಮುಂದೆಂದಾದರೂ ಉಪಾಯ ದೊರೆಯಬಹುದು. ನನ್ನನ್ನು ತಡೆಯುವ ಸಂಗತಿ ಬೇರೆ. ನೂರಾರು ವರ್ಷಗಳ ನೌಕೆಯಲ್ಲಿ ತಲೆಮಾರುಗಳು ಹುಟ್ಟಿ ಸಾಯಬೇಕು. ಮೊದಲು ಹತ್ತಿದವನು ಒಪ್ಪಿ ಹತ್ತಿದನು. ಅವನ ಮೊಮ್ಮಗನನ್ನು ಕೇಳಿದವರಾರು? ಮಳೆಯನ್ನು ಕಾಣದೆ, ಹೊಳೆಯನ್ನು ಕಾಣದೆ, ಹೊರಟ ಊರನ್ನೂ ಸೇರುವ ಊರನ್ನೂ ಅರಿಯದೆ ಅವನು ತೀರಿಕೊಳ್ಳುವನು. ನಮ್ಮ ಕುತೂಹಲಕ್ಕಾಗಿ ಅವನ ಬಾಳನ್ನು ಒತ್ತೆಯಿಡುವ ಅಧಿಕಾರವು ನಮಗಿಲ್ಲವೆಂದೇ ನನ್ನ ಮತ. ಯಂತ್ರವೇ ಮೊದಲು ಹೋಗಲಿ.

ಯಂತ್ರವು ಹೋದರೆ ಮನುಷ್ಯನ ಕೆಲಸ ತೀರಿತೆಂದು ತಿಳಿಯಬಾರದು. 2023ರ ನವೆಂಬರಿನಲ್ಲಿ ವಾಯೇಜರಿನ ಸ್ಮೃತಿಕೋಶದ ಒಂದು ತುಣುಕು ಕೆಟ್ಟು, ಅದು ಅರ್ಥವಿಲ್ಲದ ಮಾತನ್ನಾಡತೊಡಗಿತು. 2,400 ಕೋಟಿ ಕಿಲೋಮೀಟರಿನ ದೂರ. ಆಜ್ಞೆಯು ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರಕ್ಕೆ ಮತ್ತೆ ಅಷ್ಟೇ. ಹಲವು ದಶಕಗಳ ಹಿಂದಿನವರು ಬರೆದಿಟ್ಟ ಕಾಗದಗಳನ್ನು ತಿರುವಿ, ಕೆಟ್ಟ ಭಾಗದಲ್ಲಿದ್ದುದನ್ನು ತುಂಡುತುಂಡಾಗಿ ಬೇರೆಡೆಗೆ ಸರಿಸಿ, 2024ನೆಯ ಏಪ್ರಿಲ್ 20ರಂದು ಅದರ ಆರೋಗ್ಯದ ವಾರ್ತೆಯನ್ನು ಮತ್ತೆ ಸ್ಪಷ್ಟವಾಗಿ ಕೇಳಿದರು. ಬರೆದವನಿಲ್ಲದಿರುವಾಗ ಅವನ ಓಲೆಯನ್ನು ಓದುವ ಕಷ್ಟವನ್ನು ಮಠದ ಗ್ರಂಥಭಂಡಾರದಲ್ಲಿ ಕುಳಿತವರು ಬಲ್ಲರು. ಒಂದು ಅಕ್ಷರವನ್ನು ಹುಳು ತಿಂದರೆ ಅರ್ಥಕ್ಕಾಗಿ ಗುರುಪರಂಪರೆಯ ಪಾಠವನ್ನು ಆಶ್ರಯಿಸಬೇಕು.

ನಕ್ಷತ್ರಕ್ಕೆ ಹೋಗುವ ನೌಕೆಗೂ ಇಂಥ ಪರಂಪರೆ ಬೇಕು. ಕಳುಹಿಸಿದವನ ಶಿಷ್ಯನ ಶಿಷ್ಯನು ಅದರ ಮಾತನ್ನು ಕೇಳುವನು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ 32 ಮೀಟರು ಅಗಲದ ತಟ್ಟೆಯೊಂದು ಆಕಾಶಕ್ಕೆ ಮುಖಮಾಡಿ ದೂರದ ನೌಕೆಗಳ ಮಾತನ್ನು ಆಲಿಸುತ್ತಿದೆ. ನಕ್ಷತ್ರಯಾನದ ನಾವಿಕರು ಅಂಥ ಕಡೆ, ನೆಲದ ಮೇಲೆಯೇ, ಪಾಳಿಯ ಮೇಲೆ ಕುಳಿತಿರುವರೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಅವರಲ್ಲೊಬ್ಬನು ಆ ಕೆಲಸಕ್ಕೆ ಏನು ಓದಬೇಕೆಂದು ಕೇಳಿದನು. ಗಣಿತವೆಂದೆನು.