ಬೆಟ್ಟಕ್ಕೆ ಹೊರಡುವ ಮುನ್ನ ನಕ್ಷೆ
(ಸಂಸ್ಥೆಯ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ತಿಂಗಳು ನಮ್ಮ ಹಾಸ್ಟೆಲಿನ ಐದು ಮಂದಿ ಹುಡುಗರು ನನ್ನ ಮನೆಗೆ ಬಂದಿದ್ದರು. ಮುಂದಿನ ಜುಲೈಯಲ್ಲಿ ಲಡಾಖಿನ ಝನ್ಸ್ಕರ್ ಕಡೆ ಒಂದು ಶಿಖರ ಹತ್ತುವ ಯೋಚನೆ ಅವರದು. ಹಗ್ಗ, ಬೂಟು, ಡೇರೆ, ರೈಲು ಟಿಕೆಟು ಎಲ್ಲದರ ಲೆಕ್ಕ ಬರೆದು ತಂದಿದ್ದರು. "ನಕ್ಷೆ ಎಲ್ಲಿ?" ಎಂದು ಕೇಳಿದೆ. ಒಬ್ಬ ಮೊಬೈಲ್ ಎತ್ತಿ ತೋರಿಸಿದ. ನಾನು ಇಪ್ಪತ್ತೈದು ವರ್ಷ ಪಾಲಿಟೆಕ್ನಿಕ್‌ನಲ್ಲಿ ಸರ್ವೆ ಪಾಠ ಮಾಡಿದವನು. ಅಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಧ್ಯಕ್ಷರು ಇಂದು ಯಾವ ವಿಷಯದ ಮೇಲಾದರೂ ಮಾತಾಡಿ ಎಂದಾಗ ಇದನ್ನೇ ಆರಿಸಿಕೊಂಡೆ.

ಮೊದಲು ನನ್ನದೇ ಮೂರ್ಖತನವನ್ನು ಹೇಳಿಬಿಡುತ್ತೇನೆ. 2008ರ ಜುಲೈಯಲ್ಲಿ ನಾವು ನಾಲ್ವರು ಗೆಳೆಯರು ಅದೇ ಝನ್ಸ್ಕರಿಗೆ ಹೋಗಿದ್ದೆವು. ಗಡಿಗೆ ಹತ್ತಿರದ ಪ್ರದೇಶಗಳ ಸರ್ವೆ ಆಫ್ ಇಂಡಿಯಾ ಹಾಳೆಗಳು ಆಗ ಸಾರ್ವಜನಿಕರಿಗೆ ಸಿಗುತ್ತಿರಲಿಲ್ಲ. ಚಾರಣ ಏರ್ಪಡಿಸುವ ಒಬ್ಬರು ಒಂದು ಜೆರಾಕ್ಸ್ ಕೊಟ್ಟರು. 1950ರ ದಶಕದಲ್ಲಿ ಅಮೆರಿಕದ ಸೇನೆ ಮುದ್ರಿಸಿದ 1:2,50,000 ಪ್ರಮಾಣದ ಹಾಳೆಯ ಒಂದು ಮೂಲೆಯನ್ನು ಐದು ಪಟ್ಟು ದೊಡ್ಡದು ಮಾಡಿದ್ದು ಅದು. ನೋಡಲು 1:50,000 ನಕ್ಷೆಯಂತೆಯೇ ಇತ್ತು. ನಾನು ಸರ್ವೆ ಮೇಷ್ಟ್ರು! ಆದರೂ ಮೋಸ ಹೋದೆ. ನಕ್ಷೆಯನ್ನು ಹಿಗ್ಗಿಸಿದರೆ ಗೆರೆ ದಪ್ಪವಾಗುತ್ತದೆಯೇ ಹೊರತು ಅದರಲ್ಲಿರುವ ತಿಳಿವಳಿಕೆ ಹೆಚ್ಚಾಗುವುದಿಲ್ಲ.

ಆ ಕಾಗದದ ಪ್ರಕಾರ ಹಿಮನದಿಯ ತಲೆಯಿಂದ ಒಂದು ಹದವಾದ ಇಳಿಜಾರು ಮೇಲಿನ ಕಣಿವೆದಾರಿಗೆ ಹೋಗಬೇಕಿತ್ತು. ನಾವು ಅಲ್ಲಿಗೆ ತಲುಪಿದಾಗ ಎದುರಿಗೆ ನಿಂತಿದ್ದದ್ದು ಸುಮಾರು ಎಂಬತ್ತು ಮೀಟರಿನ ಬಂಡೆಗೋಡೆ. ಹೊತ್ತು ಮೀರಿತ್ತು. ಬೇರೆ ದಾರಿ ಹುಡುಕುತ್ತ ಕತ್ತಲಾಯಿತು, ಹಿಮ ಬೀಳಲಾರಂಭಿಸಿತು, ಡೇರೆಯಿಲ್ಲದೆ ರಾತ್ರಿ ಕಳೆದೆವು. ನನ್ನ ಗೆಳೆಯರೊಬ್ಬರು ಎಡಗಾಲಿನ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಊರಿಗೆ ಬಂದ ಮೇಲೆ ಆ ನಕ್ಷೆಯ ಮೂಲ ಹಾಳೆಯನ್ನು ಹುಡುಕಿ ನೋಡಿದೆ. ಕೆಳಗಿನ ಅಂಚಿನಲ್ಲಿ ಒಂದು ಪುಟ್ಟ ಚೌಕ ಇತ್ತು. ಹಾಳೆಯ ಯಾವ ಭಾಗ ಎಷ್ಟು ನಂಬಿಕೆಗೆ ಅರ್ಹ ಎಂದು ತೋರಿಸುವ ಚೌಕ ಅದು. ನಾವು ಹೋದ ಭಾಗಕ್ಕೆ "ಕಳಪೆ" ಎಂದು ನಮೂದಿಸಿದ್ದರು. ತಯಾರಿಸಿದವರು ಪ್ರಾಮಾಣಿಕವಾಗಿ ಹೇಳಿಯೇ ಇದ್ದರು; ಜೆರಾಕ್ಸ್ ಮಾಡಿದವರು ಅಂಚನ್ನು ಕತ್ತರಿಸಿದ್ದರು. ಅಂದಿನಿಂದ ಯಾವ ನಕ್ಷೆ ಕೈಗೆ ಬಂದರೂ ನಾನು ಮೊದಲು ಓದುವುದು ಅಂಚನ್ನು.

ಅಂಚಿನಲ್ಲಿ ಏನು ನೋಡಬೇಕು? ಮೊದಲನೆಯದು ಪ್ರಮಾಣ. 1:50,000ದಲ್ಲಿ ನೆಲದ ಒಂದು ಕಿಲೋಮೀಟರ್ ಕಾಗದದ ಮೇಲೆ 2 ಸೆಂಟಿಮೀಟರ್ ಆಗುತ್ತದೆ. 1:2,50,000ದಲ್ಲಿ ಬರೀ 4 ಮಿಲಿಮೀಟರ್. ಆಮೇಲೆ ಕಾಂಟೂರ್ ಅಂತರ. ಪಠ್ಯಪುಸ್ತಕದಲ್ಲಿ ಸಮೋನ್ನತ ರೇಖೆ ಎಂದು ಓದಿದ್ದೀರಲ್ಲ, ಅದೇ. ಗೆರೆಯಿಂದ ಗೆರೆಗೆ 100 ಮೀಟರ್ ಅಂತರವಿದ್ದರೆ ನಮ್ಮ ಆ 80 ಮೀಟರಿನ ಬಂಡೆ ಎರಡು ಗೆರೆಗಳ ನಡುವೆ ಆರಾಮವಾಗಿ ಅಡಗಿ ಕುಳಿತುಕೊಳ್ಳಬಲ್ಲದು. 40 ಮೀಟರ್ ಅಂತರವಿದ್ದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಎಚ್ಚರಿಸುತ್ತವೆ. ಮತ್ತೆ ಸರ್ವೆ ನಡೆದ ವರ್ಷ. ಮುದ್ರಣದ ವರ್ಷವಲ್ಲ, ಸರ್ವೆಯ ವರ್ಷ. ಹಿಮಾಲಯದ ಹಿಮನದಿಗಳು ಹಿಂದೆ ಸರಿಯುತ್ತಿವೆ. ಅರುವತ್ತು ವರ್ಷದ ಹಿಂದಿನ ಹಾಳೆಯಲ್ಲಿ ಮಂಜಿನ ಮೇಲಿನ ನಡಿಗೆಯಾಗಿ ಕಾಣುವುದು ಇಂದು ಸಡಿಲ ಕಲ್ಲುಗುಂಡುಗಳ ರಾಶಿಯಾಗಿರಬಹುದು, ಕೆರೆಯೂ ಆಗಿರಬಹುದು.

ಇನ್ನೊಂದು ಸಂಗತಿ ಹುಡುಗರಿಗೆ ಗೊತ್ತಿರುವುದಿಲ್ಲ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಸಾಹೇಬರ ಕಾಲದ ಲೆಕ್ಕವನ್ನು ಹಿಡಿದಿವೆ. ನಿಮ್ಮ ಜಿಪಿಎಸ್ ಹಿಡಿಯುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಲೆಕ್ಕ. ಜಿಪಿಎಸ್ ತೋರಿಸಿದ ಅಂಕಿಯನ್ನು ಹಾಗೆಯೇ ಹಳೆಯ ಹಾಳೆಯ ಮೇಲೆ ಗುರುತಿಸಿದರೆ ನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. ಬಯಲಲ್ಲಿ ನೂರು ಮೀಟರ್ ಏನೂ ಅಲ್ಲ. ಬೆಟ್ಟದ ಏಣಿನ ಮೇಲೆ, ಮಂಜು ಮುಸುಕಿದಾಗ, ನೀವು ಏಣಿನ ಈ ಬದಿಯಲ್ಲಿದ್ದೀರೋ ಆ ಬದಿಯಲ್ಲೋ ಎಂಬುದು ಅಷ್ಟರಲ್ಲೇ ಇದೆ.

ಸರಿ, ಒಳ್ಳೆಯ ಹಾಳೆ ಸಿಗುವುದೆಲ್ಲಿ? 2005ರ ರಾಷ್ಟ್ರೀಯ ನಕ್ಷಾ ನೀತಿಯಲ್ಲಿ ಸರ್ವೆ ಆಫ್ ಇಂಡಿಯಾ ಹಾಳೆಗಳನ್ನು ಎರಡು ಸಾಲಾಗಿ ವಿಂಗಡಿಸಿದರು: ರಕ್ಷಣಾ ಪಡೆಗಳಿಗೆ ಒಂದು, ಸಾರ್ವಜನಿಕರಿಗೆ ಒಂದು. ಸಾರ್ವಜನಿಕರ ಹಾಳೆಗಳು ಡಬ್ಲ್ಯುಜಿಎಸ್-84 ಲೆಕ್ಕದಲ್ಲಿಯೇ ಇವೆ. 2017ರಲ್ಲಿ ಇಲಾಖೆಗೆ 250 ವರ್ಷ ತುಂಬಿದಾಗ ಸುಮಾರು 3,000 ಹಾಳೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡಲಾರಂಭಿಸಿದರು. 2021ರ ಫೆಬ್ರವರಿಯಲ್ಲಿ ನಿಯಮಗಳನ್ನು ಇನ್ನಷ್ಟು ಸಡಿಲಿಸಿದರು. ದೇಶಕ್ಕೆ ಇರುವುದು ಐದು ಸಾವಿರಕ್ಕೂ ಹೆಚ್ಚು ಹಾಳೆ, ಆದ್ದರಿಂದ ನಿಮಗೆ ಬೇಕಾದದ್ದು ಸಿಕ್ಕೇ ಸಿಗುತ್ತದೆ ಎಂದು ಕುಳಿತಿರಬೇಡಿ. ಹಳೆಯ ಕ್ರಮದ ಸಂಖ್ಯೆಗಳನ್ನೂ ಕಲಿತುಕೊಳ್ಳಿ. ಹಳೆಯ ಚಾರಣ ವರದಿಗಳೆಲ್ಲ ಅವನ್ನೇ ಬಳಸುತ್ತವೆ. ನಮ್ಮ ಕುಮಾರ ಪರ್ವತ 48 ಪಿ/10ರಲ್ಲಿದೆ. ಝನ್ಸ್ಕರಿನ ಪದುಮ್ 52 ಸಿ ಒಳಗೆ ಬರುತ್ತದೆ.

ನಮ್ಮ ಹಾಳೆ ಸಿಗದಿದ್ದರೆ ಸೋವಿಯತ್ ಸೇನೆಯ ನಕ್ಷೆಗಳನ್ನು ನೋಡಿ. ತಮಾಷೆಯಲ್ಲ. ಶೀತಲ ಸಮರದ ಕಾಲದಲ್ಲಿ ಅವರು ಪ್ರಪಂಚದ ಬಹುಭಾಗವನ್ನು 1:2,00,000ದಲ್ಲಿ, ಎಷ್ಟೋ ಕಡೆ 1:1,00,000ದಲ್ಲಿ ನಕ್ಷೆ ಮಾಡಿಟ್ಟಿದ್ದರು. ಪಾಮಿರ್, ತಿಯಾನ್ ಶಾನ್ ಹತ್ತುವವರಿಗೆ ಇಂದಿಗೂ ಅವೇ ಗತಿ. ಅಕ್ಷರ ರಷ್ಯನ್, ಆದರೆ ಒಂದು ಸಂಜೆ ಕುಳಿತರೆ ಆ ಲಿಪಿ ಓದಲು ಬರುತ್ತದೆ. ಅರಬಿ, ಉರ್ದು, ಕನ್ನಡ, ಇಂಗ್ಲಿಷ್ ಎಂದು ನಾಲ್ಕು ಲಿಪಿ ಕಲಿತ ನಮ್ಮ ಮಕ್ಕಳಿಗೆ ಐದನೆಯದು ಭಾರವೇ? ಲಡಾಖಿಗೆ ಸ್ವಿಟ್ಜರ್ಲೆಂಡಿನ ಓಲಿಝಾನ್ ಪ್ರಕಾಶನದವರ 1:1,50,000 ಚಾರಣ ನಕ್ಷೆಗಳಿವೆ. ಹಳ್ಳಿಯಿಂದ ಹಳ್ಳಿಗೆ ನಡೆಯಲು ಬಲು ಚೆನ್ನ. ಶಿಖರದ ಕೊನೆಯ ಏರಿಗೆ ಮಾತ್ರ ಸಾಲದು.

ಇನ್ನು ಮೊಬೈಲ್. ನಾನು ಅದರ ವೈರಿಯಲ್ಲ. ಆದರೆ ಅದರಲ್ಲಿ ಕಾಣುವ ಚೆಂದದ ಗೆರೆಗಳು ಎಲ್ಲಿಂದ ಬಂದವು ಎಂದು ಕೇಳಿದ್ದೀರಾ? ಉಚಿತ ನಕ್ಷೆಗಳಲ್ಲಿ ಬಹಳಷ್ಟು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ರೇಡಾರ್‌ನಿಂದ ಅಳೆದ ಎತ್ತರಗಳನ್ನು ಬಳಸುತ್ತವೆ. ಕಡಿದಾದ ಬೆಟ್ಟಗಳ ಹಿಂದೆ ರೇಡಾರ್ ಕಿರಣ ತಲುಪದೆ ತೂತುಗಳು ಉಳಿದವು. ಅವನ್ನು ಆಮೇಲೆ ಬೇರೆ ಮೂಲಗಳಿಂದಲೂ, ಅಕ್ಕಪಕ್ಕದ ಅಂಕಿಗಳಿಂದ ಅಂದಾಜು ಮಾಡಿಯೂ ತುಂಬಿಸಿದರು. ಕಂಪ್ಯೂಟರ್ ತೂತಿನ ಮೇಲೂ ಅಷ್ಟೇ ನುಣುಪಾದ ಗೆರೆ ಎಳೆಯುತ್ತದೆ. "ಕಳಪೆ" ಎಂದು ಬರೆಯುವ ಅಂಚು ಅಲ್ಲಿಲ್ಲ. 2011ರಿಂದ 2015ರವರೆಗೆ ಜರ್ಮನ್ ಉಪಗ್ರಹಗಳು ಅಳೆದದ್ದರಿಂದ ತಯಾರಾದ ಕೋಪರ್ನಿಕಸ್ ಎತ್ತರಮಾಹಿತಿ ಇದಕ್ಕಿಂತ ಉತ್ತಮ, ಅದೂ ಉಚಿತ. ಅದರ ಜೊತೆಗೆ ಉಪಗ್ರಹ ಚಿತ್ರವನ್ನು ಓರೆಯಾಗಿ ತಿರುಗಿಸಿ ನೋಡಿ. ಬೇಸಗೆಯ ಕೊನೆಯಲ್ಲಿ ತೆಗೆದ ಚಿತ್ರವೇ ಆಗಬೇಕು, ಹೊಸ ಹಿಮ ಬಿದ್ದಾಗ ಬಿರುಕುಗಳೆಲ್ಲ ಮುಚ್ಚಿರುತ್ತವೆ.

ನಕ್ಷೆಯಲ್ಲದ ನಕ್ಷೆಗಳೂ ಇವೆ. 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್ 1929ರಿಂದ ಹೊರತರುತ್ತಿರುವ ಹಿಮಾಲಯನ್ ಜರ್ನಲ್‌ನಲ್ಲಿ ಹತ್ತಿದವರೇ ಬಿಡಿಸಿದ ರೇಖಾಚಿತ್ರಗಳಿವೆ. ನೀವು ಹೋಗುವ ಕಣಿವೆಯ ಹೆಸರು ಹಿಡಿದು ಹುಡುಕಿ. ಅಲ್ಲಿ ಕುರಿ ಮೇಯಿಸುವವರನ್ನಂತೂ ಕೇಳಲೇಬೇಕು. ಯಾವ ತೊರೆ ಮಧ್ಯಾಹ್ನ ದಾಟಲಾಗದಷ್ಟು ಉಬ್ಬುತ್ತದೆ ಎಂಬುದು ಯಾವ ಹಾಳೆಯಲ್ಲೂ ಇಲ್ಲ.

ಈ ಹಾಳೆಗಳನ್ನು ಮಾಡಿದವರು ಯಾರು ಎಂದು ಪಠ್ಯಗಳು ಹೇಳುವುದಿಲ್ಲ, ಅದಕ್ಕೆ ಎರಡು ಮಾತು. ಜಾರ್ಜ್ ಎವರೆಸ್ಟ್ ಅವರ ಕಾಲದಲ್ಲಿ ಅಳತೆಯ ಉಪಕರಣಗಳನ್ನು ರಿಪೇರಿ ಮಾಡಿ ನಿಖರಗೊಳಿಸಿದವರು ಆರ್ಕಾಟಿನ ಸೈಯದ್ ಮೊಹ್ಸಿನ್. 1926ರಲ್ಲಿ ಕೆನ್ನೆತ್ ಮೇಸನ್ ಜೊತೆ ಕಾರಕೋರಂ ಆಚೆಯ ಶಕ್ಸ್‌ಗಾಮ್ ಕಣಿವೆಗೆ ಹೋದ ಸರ್ವೇಯರ್ ಅಫ್ರಾಜ್ ಗುಲ್ ಖಾನ್. 1939ರಲ್ಲಿ ಎರಿಕ್ ಶಿಪ್ಟನ್ ತಂಡದಲ್ಲಿ ಫಜಲ್ ಇಲಾಹಿ ಮತ್ತು ಇನಾಯತ್ ಖಾನ್ ಎಂಬ ಇಬ್ಬರು ಸರ್ವೇಯರರು ಹಿಸ್ಪರ್, ಬಿಯಾಫೋ ಹಿಮನದಿಗಳ ಕಡೆ ಪ್ಲೇನ್ ಟೇಬಲ್ ಹೊತ್ತು ದುಡಿದರು. ಎತ್ತರದ ನಿಲ್ದಾಣಗಳಿಗೆ ಹತ್ತಿ, ಗಾಳಿಗೆ ಕಾಗದ ಹಾರದಂತೆ ಹಿಡಿದು, ಮರಗಟ್ಟಿದ ಬೆರಳಿನಲ್ಲಿ ಪೆನ್ಸಿಲ್ ಎಳೆದವರು ಇವರು.

ಐದು ಮಂದಿ ಹುಡುಗರು ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅವರ ಮನೆಯವರು ನನ್ನನ್ನು ಕ್ಷಮಿಸಲಿ. ಆದರೆ ನವೆಂಬರಿನಲ್ಲಿ ಮೊದಲು ಕುಮಾರ ಪರ್ವತಕ್ಕೆ ಹೋಗೋಣ, 1,712 ಮೀಟರ್ ಅಷ್ಟೇ. ಮೊಬೈಲ್ ಆಫ್ ಮಾಡಿ, ಹಾಳೆ ಮತ್ತು ದಿಕ್ಸೂಚಿ ಮಾತ್ರ ಹಿಡಿದು. ಪ್ರತಿ ಅರ್ಧ ಗಂಟೆಗೊಮ್ಮೆ ನಾವು ಎಲ್ಲಿದ್ದೇವೆ ಎಂದು ಐವರೂ ಬೇರೆ ಬೇರೆಯಾಗಿ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಐದು ಚುಕ್ಕೆ ಒಂದೇ ಕಡೆ ಬೀಳುವವರೆಗೆ ಲಡಾಖಿನ ಮಾತು ಬೇಡ. 2008ರ ಆ ಜೆರಾಕ್ಸನ್ನೂ ಅದರ ಮೂಲ ಹಾಳೆಯನ್ನೂ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಚಹಾ ಕುಡಿಯುವಾಗ ಬಂದು ನೋಡಿ, ಲೋಟ ಮಾತ್ರ ಅದರ ಮೇಲೆ ಇಡಬೇಡಿ.