ಇಪ್ಪತ್ನಾಲ್ಕು ಗಂಟೆಯ ಓಟವೂ ನಮ್ಮ ಸೈಕಲ್ ಡೈನಮೋವೂ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ವಾಗತ ಸಮಿತಿಯವರು ನನಗೆ ‘ಹೊಸ ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’ ಎಂಬ ವಿಷಯ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಅಂತ ತಾವು ಅಂದುಕೊಂಡಿರಬಹುದು. ನಾನು ಇವತ್ತು ಕಾರಿನ ರೇಸಿನ ಬಗ್ಗೆ ಮಾತನಾಡುತ್ತೇನೆ. ‘ಹೊಗೆಸೊಪ್ಪಿಗೆ ಬೆಲೆ ಸಿಗುತ್ತದೋ ಇಲ್ಲವೋ ಅಂತ ನಾವು ಒದ್ದಾಡುತ್ತಿದ್ದೇವೆ, ಇವನಿಗೆ ರೇಸಿನ ಚಿಂತೆ’ ಎಂದು ಹಿಂದಿನ ಸಾಲಿನವರು ಬೈದುಕೊಳ್ಳಬೇಡಿ. ಹತ್ತು ನಿಮಿಷ ಕೇಳಿ. ಕೊನೆಗೆ ಮಾತು ನಮ್ಮ ಶಾಲೆಗೇ ಬಂದು ನಿಲ್ಲುತ್ತದೆ.

ಫ್ರಾನ್ಸ್ ದೇಶದಲ್ಲಿ ಲೆ ಮಾನ್ಸ್ ಎಂಬ ಊರಿದೆ. ಅಲ್ಲಿ 1923ರಿಂದ ಒಂದು ಕಾರ್ ರೇಸ್ ನಡೆಯುತ್ತಿದೆ. ಶನಿವಾರ ಮಧ್ಯಾಹ್ನ ಶುರುವಾದರೆ ಭಾನುವಾರ ಮಧ್ಯಾಹ್ನ ಮುಗಿಯುತ್ತದೆ. ಹಗಲು, ರಾತ್ರಿ, ಮಳೆ, ಮಂಜು ಏನೇ ಬರಲಿ, 24 ಗಂಟೆ ಓಡುತ್ತಲೇ ಇರಬೇಕು. ಒಂದು ಕಾರಿಗೆ ಮೂವರು ಚಾಲಕರು. ಒಬ್ಬರಾದ ಮೇಲೆ ಒಬ್ಬರು ಓಡಿಸುತ್ತಾರೆ. ಒಂದು ಸುತ್ತು ಹದಿಮೂರೂವರೆ ಕಿಲೋಮೀಟರ್‌ಗಿಂತ ಹೆಚ್ಚು. 2018ರಲ್ಲಿ ಗೆದ್ದ ಕಾರು 388 ಸುತ್ತು ಹಾಕಿತು. ಲೆಕ್ಕ ಹಾಕಿದರೆ 5,280 ಕಿಲೋಮೀಟರ್ ದಾಟುತ್ತದೆ. ಮೈಸೂರಿನಿಂದ ದೆಹಲಿಗೆ ಹೋಗಿ ವಾಪಸ್ಸು ಬಂದರೂ ಇನ್ನೂ ಮಿಗುವ ದೂರ, ಒಂದೇ ದಿನದಲ್ಲಿ! ಬೇರೆ ರೇಸುಗಳಲ್ಲಿ ವೇಗ ಮುಖ್ಯ. ಇಲ್ಲಿ ವೇಗದ ಜೊತೆಗೆ ತಾಳಿಕೆ ಮುಖ್ಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಗಾಡಿ ಓಟದ ಎತ್ತಿನ ಪರೀಕ್ಷೆಯಲ್ಲ, ಉಳುವ ಎತ್ತಿನ ಪರೀಕ್ಷೆ.

ಈ ಓಟಕ್ಕೆ ವಿದ್ಯುತ್ತನ್ನು ತಂದ ಕಂಪನಿಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಬಿಡದಿಯಲ್ಲಿ ಕಾಣುವ ಟೊಯೋಟಾ ಕಾರ್ಖಾನೆ ತಮಗೆಲ್ಲ ಗೊತ್ತು. ಮದುವೆ ದಿಬ್ಬಣಕ್ಕೆ ನಾವು ಬಾಡಿಗೆಗೆ ತರುತ್ತಿದ್ದ ಕ್ವಾಲಿಸ್, ಆಮೇಲೆ ಬಂದ ಇನ್ನೋವಾ, ಎಲ್ಲವೂ ಅಲ್ಲಿಯವೇ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾದದ್ದು 1997ರಲ್ಲಿ. ಅದೇ 1997ರ ಕೊನೆಗೆ ಜಪಾನಿನಲ್ಲಿ ಟೊಯೋಟಾ ‘ಪ್ರಿಯಸ್’ ಎಂಬ ಕಾರನ್ನು ಮಾರಾಟಕ್ಕೆ ತಂದಿತು. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಇತ್ತು, ವಿದ್ಯುತ್ ಮೋಟಾರೂ ಇತ್ತು. ಇಂಥದ್ದಕ್ಕೆ ಹೈಬ್ರಿಡ್ ಎನ್ನುತ್ತಾರೆ. ನಮ್ಮ ರೈತರಿಗೆ ಹೈಬ್ರಿಡ್ ಬೀಜ ಗೊತ್ತು. ಇದು ಹೈಬ್ರಿಡ್ ಕಾರು.

ಮಕ್ಕಳೇ, ಈಗ ಇದರ ಗುಟ್ಟನ್ನು ಹೇಳುತ್ತೇನೆ. ಸೈಕಲ್ಲಿಗೆ ಡೈನಮೋ ಹಾಕಿಕೊಂಡು ಕತ್ತಲಲ್ಲಿ ಮನೆಗೆ ಹೋದವರು ಇಲ್ಲಿ ಬಹಳ ಜನ ಇದ್ದೀರಿ. ಡೈನಮೋವನ್ನು ಚಕ್ರಕ್ಕೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು, ನೆನಪಿದೆಯಲ್ಲವೇ? ದೀಪ ಹೊತ್ತುವುದಕ್ಕೆ ಬೇಕಾದ ಶಕ್ತಿ ನಮ್ಮ ಕಾಲಿನಿಂದಲೇ ಹೋಗುತ್ತಿತ್ತು. ಅಂದರೆ ಡೈನಮೋ ದೀಪವನ್ನೂ ಹೊತ್ತಿಸುತ್ತದೆ, ಸೈಕಲ್ಲನ್ನು ನಿಧಾನವೂ ಮಾಡುತ್ತದೆ. ಹೈಬ್ರಿಡ್ ಕಾರಿನಲ್ಲಿ ಮಾಡುವುದು ಇದನ್ನೇ. ಕಾರು ನಿಧಾನ ಆಗಬೇಕಾದಾಗ, ಚಕ್ರವನ್ನು ಓಡಿಸುವ ಮೋಟಾರೇ ಡೈನಮೋ ಆಗಿ ತಿರುಗುತ್ತದೆ. ಬ್ರೇಕಿನಲ್ಲಿ ಕಾವಾಗಿ ಹಾಳಾಗುತ್ತಿದ್ದ ಶಕ್ತಿ ವಿದ್ಯುತ್ತಾಗಿ ಬ್ಯಾಟರಿಗೆ ಸೇರುತ್ತದೆ. ಮುಂದೆ ವೇಗ ಬೇಕಾದಾಗ ಅದೇ ವಿದ್ಯುತ್ತು ಮೋಟಾರನ್ನು ತಿರುಗಿಸುತ್ತದೆ.

ಹಾಳಾಗುವ ಶಕ್ತಿ ಎಷ್ಟು ಅಂತ ಒಂದು ಲೆಕ್ಕ ನೋಡೋಣ. ಒಂಬತ್ತನೇ ತರಗತಿಯ ವಿಜ್ಞಾನ ಸಾಕು. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ಜನ ತುಂಬಿದ ಬಸ್ಸು 15 ಟನ್ ತೂಗುತ್ತದೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ ಎಂದುಕೊಳ್ಳಿ. ಉತ್ತರ ಸುಮಾರು 21 ಲಕ್ಷ ಜೌಲ್. ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಅರ್ಧ ಯೂನಿಟ್‌ಗಿಂತ ಹೆಚ್ಚು. ಹುಣಸೂರು ಬಿಟ್ಟ ಬಸ್ಸು ಬಿಳಿಕೆರೆ, ಇಲವಾಲ ಅಂತ ಮೈಸೂರು ಸೇರುವಷ್ಟರಲ್ಲಿ ಇಪ್ಪತ್ತು ಕಡೆ ಆ ವೇಗದಿಂದ ನಿಂತರೆ ಹನ್ನೊಂದು ಯೂನಿಟ್‌ಗಿಂತ ಹೆಚ್ಚು ಶಕ್ತಿ ಬ್ರೇಕಿನ ಕಾವಾಗಿ ಗಾಳಿಗೆ ಹೋಯಿತು. ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಬಿರುಕು ಬಿಟ್ಟರೆ ಸೌದೆ ಎಷ್ಟು ಸುರಿದರೂ ಸಾಲದು ಅಂತ ನಮಗೆ ಗೊತ್ತು. ವಾಹನದ ಬ್ರೇಕ್ ಅಂಥ ಒಂದು ಬಿರುಕು. ಅದನ್ನು ಪೂರ್ತಿ ಮುಚ್ಚಲಾಗದು, ಆದರೆ ಸಾಕಷ್ಟು ಮುಚ್ಚಬಹುದು.

ಹಾಗಾದರೆ ರೇಸಿನಲ್ಲಿ ಪೂರ್ತಿ ಬ್ಯಾಟರಿ ಕಾರನ್ನೇ ಏಕೆ ಓಡಿಸುವುದಿಲ್ಲ? ಇದಕ್ಕೂ ಲೆಕ್ಕವೇ ಉತ್ತರ. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಒಂದು ಕೆಜಿ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ಟಿನ ಆಸುಪಾಸು. ಎಂಜಿನ್ ಬಹಳಷ್ಟನ್ನು ಕಾವಾಗಿ ಕಳೆಯುತ್ತದೆ, ಮೋಟಾರು ಕಳೆಯುವುದು ಕಡಿಮೆ, ನಿಜ. ಆದರೂ 24 ಗಂಟೆ ಆ ವೇಗದಲ್ಲಿ ಓಡಲು ಬೇಕಾದಷ್ಟು ಬ್ಯಾಟರಿ ಹೊತ್ತರೆ ಕಾರಿನ ತೂಕವೇ ಕಾರನ್ನು ಸೋಲಿಸುತ್ತದೆ. ಅದಕ್ಕೇ ಅಲ್ಲಿ ಎರಡೂ ಬೇಕಾದವು.

2007ರಲ್ಲಿ ಜಪಾನಿನ ತೊಕಾಚಿಯಲ್ಲಿ ನಡೆದ 24 ಗಂಟೆಯ ಓಟವನ್ನು ಟೊಯೋಟಾದ ಹೈಬ್ರಿಡ್ ಕಾರು ಗೆದ್ದಿತು. 2012ರಲ್ಲಿ ಕಂಪನಿ ಹೈಬ್ರಿಡ್ ಕಾರಿನೊಂದಿಗೆ ಲೆ ಮಾನ್ಸ್‌ಗೆ ಬಂತು. ಆದರೆ ಆ ವರ್ಷ ಗೆದ್ದದ್ದು ಜರ್ಮನಿಯ ಆಡಿ. ಲೆ ಮಾನ್ಸ್ ಗೆದ್ದ ಮೊದಲ ಹೈಬ್ರಿಡ್ ಕಾರು ಅದೇ. ಶಕ್ತಿಯನ್ನು ಕೂಡಿಡುವುದಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ಆಡಿ ವೇಗವಾಗಿ ತಿರುಗುವ ಒಂದು ಚಕ್ರದಲ್ಲಿ ಕೂಡಿಟ್ಟಿತು. ಟೊಯೋಟಾ ಸೂಪರ್ ಕೆಪಾಸಿಟರ್‌ನಲ್ಲಿ ಕೂಡಿಟ್ಟಿತು. ಆಮೇಲೆ ಬಂದ ಪೋರ್ಷೆ ಲಿಥಿಯಂ ಬ್ಯಾಟರಿ ಹಿಡಿಯಿತು. ಕೊನೆಗೆ 2016ರಲ್ಲಿ ಟೊಯೋಟಾ ಕೂಡ ಬ್ಯಾಟರಿಗೇ ಬಂತು. ಯಾವುದು ಸರಿ ಎಂದು ಮಾತಿನಲ್ಲಿ ವಾದ ಮಾಡಲಿಲ್ಲ. 24 ಗಂಟೆ ಓಡಿಸಿ ನೋಡಿದರು.

ಆ 2016ರ ಕಥೆಯನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಟೊಯೋಟಾ 1985ರಿಂದ ಲೆ ಮಾನ್ಸ್‌ನಲ್ಲಿ ಪ್ರಯತ್ನ ಮಾಡುತ್ತಿತ್ತು. ಹಲವು ಸಲ ಎರಡನೆಯ ಸ್ಥಾನ ಬಂತು, ಮೊದಲನೆಯದು ಬರಲಿಲ್ಲ. ಆ ವರ್ಷ ಮೊದಲ ಸ್ಥಾನದಲ್ಲಿ ಓಡುತ್ತಿದ್ದ ಕಾರು, ಓಟ ಮುಗಿಯಲು ಇನ್ನು ಮೂರು ನಿಮಿಷದಷ್ಟೇ ಉಳಿದಿರುವಾಗ, ತನ್ನದೇ ತಂಡದವರ ಕಣ್ಣೆದುರು ನಿಂತುಹೋಯಿತು. ಓಡಿಸುತ್ತಿದ್ದವನು ಕಝುಕಿ ನಕಾಜಿಮಾ. ಪೋರ್ಷೆ ಮುಂದೆ ಹೋಗಿ ಗೆದ್ದಿತು. ನಕಾಜಿಮಾ ಹೇಗೋ ಕಾರನ್ನು ಮತ್ತೆ ಎಬ್ಬಿಸಿ ಕೊನೆಯ ಸುತ್ತು ಮುಗಿಸಿದರೂ, ಸಮಯ ಮೀರಿತ್ತೆಂದು ಆ ಕಾರಿಗೆ ಯಾವ ಸ್ಥಾನವೂ ಸಿಗಲಿಲ್ಲ. ಕೆಟ್ಟದ್ದು ಬ್ಯಾಟರಿಯೂ ಅಲ್ಲ, ಮೋಟಾರೂ ಅಲ್ಲ. ಟರ್ಬೋದಿಂದ ಹೊರಟ ಗಾಳಿ ಕೊಳವೆಯ ಒಂದು ಜೋಡಣೆ.

ಅವರು ಮನೆಗೆ ಹೋಗಲಿಲ್ಲ. 2017ರಲ್ಲಿ ಮತ್ತೆ ಬಂದರು, ಮತ್ತೆ ಸೋತರು. ಆಮೇಲೆ ಒಂದು ಕೆಲಸ ಮಾಡಿದರು. ಪರೀಕ್ಷಾ ಓಟಗಳಲ್ಲಿ ಬೇಕೆಂದೇ ತೊಂದರೆಗಳನ್ನು ಸೃಷ್ಟಿಸಿ, ಚಾಲಕರೂ ಮೆಕ್ಯಾನಿಕ್‌ಗಳೂ ಅದನ್ನು ಹೇಗೆ ನಿಭಾಯಿಸುತ್ತಾರೆ ಅಂತ ಅಭ್ಯಾಸ ಮಾಡಿಸಿದರು. 2018ರ ಜೂನ್ 17ರಂದು ಟೊಯೋಟಾ ಗೆದ್ದಿತು. ಗೆರೆ ದಾಟುವಾಗ ಸ್ಟೀರಿಂಗ್ ಹಿಡಿದಿದ್ದವನು ಅದೇ ನಕಾಜಿಮಾ. ಅಲ್ಲಿಂದ 2022ರವರೆಗೆ ಐದು ವರ್ಷ ಸತತವಾಗಿ ಗೆದ್ದರು. 2023ರಲ್ಲಿ ಇಟಲಿಯ ಫೆರಾರಿ ಅವರನ್ನು ಸೋಲಿಸಿತು. ಆ ಕಾರೂ ಹೈಬ್ರಿಡ್ಡೇ.

ಇದರಲ್ಲಿ ನಮ್ಮ ನಾಡಿನವರಿಗೆ ಪಾಲಿಲ್ಲವೇ ಅಂದರೆ, ಇದೆ. 2001ರಲ್ಲಿ ಬೆಂಗಳೂರಿನ ಚೇತನ್ ಮೈನಿಯವರು ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದರು. ಆಗ ನೋಡಿ ನಕ್ಕವರೇ ಹೆಚ್ಚು. ಅದೇ ಕಾರು ಲಂಡನ್ನಿನ ಬೀದಿಯಲ್ಲೂ ಓಡಿತು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಬಹುಪಾಲನ್ನು ಕೊಂಡಿತು. 2014ರಲ್ಲಿ ಶುರುವಾದ ಫಾರ್ಮುಲಾ ಇ ಎಂಬ ವಿದ್ಯುತ್ ಕಾರುಗಳ ರೇಸಿನಲ್ಲಿ ಮೊದಲ ವರ್ಷದಿಂದಲೇ ಮಹೀಂದ್ರ ತಂಡ ಇದೆ. ಅದೇ ಮೈನಿ ಕುಟುಂಬದ ಹುಡುಗ ಅರ್ಜುನ್ ಮೈನಿ 2019ರಲ್ಲಿ ಲೆ ಮಾನ್ಸ್‌ನ 24 ಗಂಟೆಯ ಓಟದಲ್ಲಿ ಕಾರು ಓಡಿಸಿದ್ದಾರೆ. ನಮ್ಮ ಮೈಸೂರು ಸೀಮೆಗೆ ವಿದ್ಯುತ್ತು ಹೊಸದೂ ಅಲ್ಲ. ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹೋದದ್ದು 1902ರಲ್ಲಿ.

ರೇಸಿನಲ್ಲಿ ಗಟ್ಟಿಯಾದದ್ದು ರಸ್ತೆಗೆ ಇಳಿಯುತ್ತದೆ. ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರ ಕೊನೆಗೆ ಇನ್ನೋವಾ ಹೈಕ್ರಾಸ್ ಬಂದವು. 2023ರಿಂದ ಮೈಸೂರು–ಬೆಂಗಳೂರು ನಡುವೆ ಕೆ.ಎಸ್.ಆರ್.ಟಿ.ಸಿ.ಯ ವಿದ್ಯುತ್ ಬಸ್ಸು ಓಡುತ್ತಿದೆ. ನಮ್ಮೂರಿನ ಬೀದಿಯಲ್ಲೂ ಸದ್ದಿಲ್ಲದ ಸ್ಕೂಟರುಗಳು ಬಂದಿವೆ.

ಇಲ್ಲಿಂದ ನನ್ನ ಮಾತು ಸ್ವಲ್ಪ ಗಂಭೀರ. ನಮ್ಮ ಶಾಲೆಯಲ್ಲಿ ಓದಿ, ಎಸ್.ಎಸ್.ಎಲ್.ಸಿ. ಆದ ಮೇಲೆ ಗ್ಯಾರೇಜಿಗೆ ಸೇರಿ, ಎಂಜಿನ್ ಬಿಚ್ಚಿ ಜೋಡಿಸುವುದರಲ್ಲೇ ಸಂಸಾರ ಸಾಕಿದವರು ಈ ಸಭೆಯಲ್ಲಿದ್ದಾರೆ. ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲವರು ಅವರು. ವಿದ್ಯುತ್ ಮೋಟಾರಿಗೆ ಆ ಸದ್ದಿಲ್ಲ. ಪಿಸ್ಟನ್ ಇಲ್ಲ, ಕ್ಲಚ್ ಇಲ್ಲ, ಆಯಿಲ್ ಬದಲಾಯಿಸುವುದಿಲ್ಲ. ಅವರ ಕಸುಬಿನ ಅರ್ಧ ಭಾಗ ಕಣ್ಣೆದುರೇ ಕರಗುತ್ತಿದೆ. ಇನ್ನೊಂದು ಅಪಾಯವೂ ಇದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರಿನ ಒಳಗೆ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ತರಬೇತಿ ಇಲ್ಲದೆ ಕೈ ಹಾಕಿದರೆ ಜೀವ ಹೋಗುತ್ತದೆ. ‘ನೋಡಿ ಕಲಿತೆ’ ಎಂಬ ಹಳೆಯ ಗ್ಯಾರೇಜ್ ವಿದ್ಯೆ ಇಲ್ಲಿ ಸಾಲದು. ಓಮ್‌ನ ನಿಯಮ ಗೊತ್ತಿರಬೇಕು, ಮೀಟರ್ ಹಿಡಿಯಲು ಬರಬೇಕು, ಕೈಗವಸು ಹಾಕುವ ಶಿಸ್ತು ಇರಬೇಕು. ಓಮ್‌ನ ನಿಯಮವನ್ನು ಕಲಿಸುವ ಜಾಗ ಯಾವುದು? ಹತ್ತನೇ ತರಗತಿ. ಅಂದರೆ ಇದೇ ಕಟ್ಟಡ.

ಹತ್ತನೇ ತರಗತಿಯ ಮಕ್ಕಳಿಗೂ ಪೋಷಕರಿಗೂ ಒಂದು ವಿಷಯ ಹೇಳುತ್ತೇನೆ. ಬಿಡದಿಯಲ್ಲಿ 2007ರಿಂದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಎಸ್.ಎಸ್.ಎಲ್.ಸಿ. ಮುಗಿಸಿದ, ಹಳ್ಳಿಯ ಬಡ ಕುಟುಂಬದ ಮಕ್ಕಳನ್ನು ಆರಿಸಿ, ಊಟ ವಸತಿ ಕೊಟ್ಟು ಉಚಿತವಾಗಿ ಮೂರು ವರ್ಷ ತರಬೇತಿ ಕೊಡುತ್ತಾರೆ. ಈಗ ಹೆಣ್ಣುಮಕ್ಕಳಿಗೂ ಅಲ್ಲಿ ಅವಕಾಶವಿದೆ. ಆಯ್ಕೆ ಸುಲಭವಲ್ಲ. ಆದರೆ ಅರ್ಜಿ ಹಾಕದವರಿಗೆ ಖಂಡಿತ ಸಿಗುವುದಿಲ್ಲ. ಬಿ.ಇ. ಒಂದೇ ದಾರಿ ಅಂತ ಬಿ.ಇ. ಓದಿದ ನಾನೇ ಹೇಳುವುದಿಲ್ಲ. ಲೆ ಮಾನ್ಸ್‌ನಲ್ಲಿ ಚಾಲಕನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಆ ಗಾಳಿ ಕೊಳವೆಯ ಜೋಡಣೆಯನ್ನು ಸರಿಯಾಗಿ ಬಿಗಿದವನ ಹೆಸರು ಬರುವುದಿಲ್ಲ. ಆದರೆ ಅವನಿಲ್ಲದೆ ಯಾರೂ ಗೆರೆ ದಾಟಲಾರರು.

ಕೊನೆಯದಾಗಿ ಸುವರ್ಣ ಮಹೋತ್ಸವ ಸಮಿತಿಗೆ ನನ್ನದೊಂದು ವಿನಂತಿ. ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಶಾಲೆಯ ಮುಂದೆ ಕಮಾನು ಕಟ್ಟಿಸುವ ಯೋಚನೆ ಇದೆಯೆಂದು ಕೇಳಿದೆ. ಕಮಾನು ಬೇಡ ಎನ್ನುವುದಿಲ್ಲ. ಊರಿನ ಮರ್ಯಾದೆಗೆ ಅದೂ ಬೇಕು. ಅದನ್ನು ಸ್ವಲ್ಪ ಸಣ್ಣದು ಮಾಡಿ, ಉಳಿದ ಹಣದಲ್ಲಿ ವಿಜ್ಞಾನ ಪ್ರಯೋಗಾಲಯಕ್ಕೆ ಹತ್ತು ಮಲ್ಟಿಮೀಟರ್, ಸಣ್ಣ ಮೋಟಾರುಗಳು, ಬಿಚ್ಚಿ ನೋಡಲು ಒಂದು ಹಳೆಯ ವಿದ್ಯುತ್ ಸ್ಕೂಟರಿನ ಮೋಟಾರು, ಒಂದು ಸೈಕಲ್ ಡೈನಮೋ ಕೊಡಿಸೋಣ. ನಮ್ಮಲ್ಲಿ ಲೈನ್‌ಮನ್‌ಗಳಿದ್ದಾರೆ, ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರಿದ್ದಾರೆ, ಐ.ಟಿ.ಐ. ಓದಿದವರಿದ್ದಾರೆ. ತಿಂಗಳಿಗೊಂದು ಶನಿವಾರ ಒಬ್ಬೊಬ್ಬರು ಬಂದು ಮಕ್ಕಳ ಕೈಯಲ್ಲಿ ಮಾಡಿಸೋಣ. ಊರಿನ ಗ್ಯಾರೇಜ್ ಅಣ್ಣಂದಿರೂ ಬಂದು ಮಕ್ಕಳ ಪಕ್ಕದಲ್ಲಿ ಕೂರಲಿ. ಅವರಿಂದ ಮಕ್ಕಳು ಸ್ಪ್ಯಾನರ್ ಹಿಡಿಯುವುದು ಕಲಿಯಲಿ, ಮಕ್ಕಳಿಂದ ಅವರು ಮೀಟರ್ ಓದುವುದು ಕಲಿಯಲಿ. ಮೊದಲ ಶನಿವಾರಕ್ಕೆ ನನ್ನ ಹೆಸರು ಬರೆದುಕೊಳ್ಳಿ.

ನಮ್ಮ ಶಾಲೆ ಐವತ್ತು ವರ್ಷ ಓಡಿದೆ. ಮೇಷ್ಟ್ರುಗಳು ಒಬ್ಬರಾದ ಮೇಲೆ ಒಬ್ಬರು ಸ್ಟೀರಿಂಗ್ ಹಿಡಿದು ಇಲ್ಲಿಯವರೆಗೆ ತಂದಿದ್ದಾರೆ. ಮುಂದಿನ ಸುತ್ತಿಗೆ ಇಂಧನ ತುಂಬುವ ಕೆಲಸ ನಮ್ಮದು. 

ಜೈ ಹಿಂದ್, ಜೈ ಕರ್ನಾಟಕ.