ಸುಗ್ಗಿವರೆಗೆ ಹರಿಯದ ಹಾಳೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಮಳೆ ನೆರಳಿನ ಸೀಮೆ. ಉಮದಿ, ಸಂಖ, ಮಾಡಗ್ಯಾಳದ ಕನ್ನಡ ರೈತರಿಗೆ ನೆಲದ ಹಸಿ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಏರುಮಡಿಯ ಮೇಲೆ ಡ್ರಿಪ್ ಪೈಪು ಎಳೆದು, ಮಲ್ಚಿಂಗ್ ಪೇಪರ್ ಹಾಸಿ, ತೂತು ಮಾಡಿ ಮೆಣಸಿನ ಸಸಿ ನಾಟಿದರೆ ಹಸಿ ಬೇಗ ಆರುವುದಿಲ್ಲ, ಕಸವೂ ಏಳುವುದಿಲ್ಲ. ತೊಂದರೆ ಶುರುವಾಗುವುದು ಬೆಳೆ ಮುಗಿದ ಮೇಲೆ. ಪಾಲಿಥೀನಿನ ಆ ತೆಳು ಹಾಳೆ ಬಿಸಿಲಿಗೆ ಚಿಂದಿಯಾಗಿರುತ್ತದೆ. ಎಳೆದರೆ ಒಂದಷ್ಟು ಕೈಗೆ ಬರುತ್ತದೆ, ಉಳಿದದ್ದು ಮಣ್ಣು ಸೇರುತ್ತದೆ.

ಮಣ್ಣಲ್ಲೇ ಕೊಳೆಯುವ ಪಾಲಿಯೆಸ್ಟರ್ ಹಾಳೆ ಇದಕ್ಕೊಂದು ದಾರಿ. ಬೆಳೆ ನಿಂತಿರುವಷ್ಟು ದಿನ ಅದು ಹರಿಯಬಾರದು, ನೇಗಿಲು ಹೊಡೆದ ಮೇಲೆ ಉಳಿಯಬಾರದು. ಕಷ್ಟವಿರುವುದು ಈ ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸುವುದರಲ್ಲಿ.

ಕಬ್ಬು, ಮೆಕ್ಕೆಜೋಳದ ಸಕ್ಕರೆ ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಆಗುತ್ತದೆ. ಪುಣೆ ಜಿಲ್ಲೆಯ ಜೇಜುರಿಯಲ್ಲಿ ಪ್ರಾಜ್ ಕಂಪನಿ 2024ರಲ್ಲಿ ಇದರ ಪ್ರಾಯೋಗಿಕ ಘಟಕ ತೆರೆಯಿತು. ಕಬ್ಬಿನ ಸೀಮೆಗೆ ಇದು ಭರವಸೆಯ ಸುದ್ದಿಯೇ. ಆದರೆ ಪಿಎಲ್‌ಎ ಹಪ್ಪಳದ ಜಾತಿಯದು: ನೂರಕ್ಕೆ ಐದಾರು ಪಾಲು ಹಿಗ್ಗುವಷ್ಟರಲ್ಲಿ ಪಟ್ಟನೆ ಮುರಿಯುತ್ತದೆ. ಬೇಗ ಕೊಳೆಯಬೇಕಾದರೆ ಸುಮಾರು 58 ಡಿಗ್ರಿ ಬಿಸಿಯ ಕಾಂಪೋಸ್ಟ್ ಗುಡ್ಡೆಯೂ ಬೇಕು.

ಹಾಗಾಗಿ ಪಿಎಲ್‌ಎ ಜೊತೆ ಪಿಬಿಎಟಿ ಎಂಬ ಇನ್ನೊಂದು ಪಾಲಿಯೆಸ್ಟರ್ ಬೆರೆಸುತ್ತಾರೆ. ಇದು ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ, ಆದರೂ ಮಣ್ಣಿನ ಜೀವಿಗಳು ಇದನ್ನು ತಿನ್ನಬಲ್ಲವು. 2018ರಲ್ಲಿ ಜೂರಿಕ್‌ನ ಸಂಶೋಧಕರು ಇದರ ಇಂಗಾಲಕ್ಕೆ ಗುರುತು ಹಾಕಿ, ಹಾಳೆಯನ್ನು ಮಣ್ಣಲ್ಲಿಟ್ಟು ನೋಡಿದರು. ಗುರುತಿನ ಇಂಗಾಲ ಗಾಳಿಗೆ ಹೋದದ್ದಷ್ಟೇ ಅಲ್ಲ, ಶಿಲೀಂಧ್ರಗಳ ಎಳೆಗಳ ಒಳಗೂ ಸಿಕ್ಕಿತು.

ಪಿಬಿಎಟಿ ತನ್ನ ಉದ್ದದ ಹಲವು ಪಟ್ಟು ಹಿಗ್ಗುತ್ತದೆ. ಆದರೆ ಎರಡನ್ನೂ ಕರಗಿಸಿ ಬೆರೆಸಿದರೂ ಒಂದಾಗುವುದಿಲ್ಲ. ಒಂದರೊಳಗೆ ಇನ್ನೊಂದು ಹನಿಹನಿಯಾಗಿ ನಿಲ್ಲುತ್ತದೆ. ಹನಿಯ ಅಂಚು ಸಡಿಲವಿದ್ದರೆ ಬಿರುಕು ಹೊರಡುವುದು ಅಲ್ಲಿಂದಲೇ. ಅದಕ್ಕೇ ಎಪಾಕ್ಸಿ ಗುಂಪುಗಳಿರುವ ಪದಾರ್ಥವನ್ನು ತುಸು ಸೇರಿಸುತ್ತಾರೆ. ಅದು ಎರಡರ ಅಣು ಸರಪಳಿಗಳ ತುದಿಯನ್ನೂ ಹಿಡಿದು ಬೆಸೆಯುತ್ತದೆ. ಹನಿಗಳು ಸಣ್ಣದಾಗಿ ಹರಡುತ್ತವೆ, ಹಾಳೆ ಬಾಳುತ್ತದೆ. ಬೆಸುಗೆ ಅತಿಯಾದರೆ ಕೊಳೆಯುವುದು ತಡವಾಗಬಹುದು. ಪಿಷ್ಟ ಬೆರೆಸಿದರೆ ನೀರು ಒಳಹೊಕ್ಕು ಕೊಳೆಯುವುದು ಚುರುಕಾಗುತ್ತದೆ, ಆದರೆ ಹಾಳೆ ಸುಲಭವಾಗಿ ಹರಿಯುತ್ತದೆ. ಜತ್ತದಂಥ ಬಿಸಿಲಿನಲ್ಲಿ ಇನ್ನೊಂದು ತೊಡಕು: ಸೂರ್ಯನ ಕಿರಣಕ್ಕೆ ಪಿಬಿಎಟಿಯ ಸರಪಳಿಗಳು ತಮ್ಮತಮ್ಮಲ್ಲೇ ಹೆಣೆದುಕೊಂಡು ಜೀವಿಗಳ ಬಾಯಿಗೆ ಗಟ್ಟಿಯಾಗುತ್ತವೆ. ಹಾಳೆಗೆ ಕಪ್ಪು ಇಂಗಾಲದ ಪುಡಿ ಸೇರಿಸಿದರೆ ಇದು ಕಡಿಮೆಯಾಗುತ್ತದೆ.

ಯುರೋಪಿನ 2018ರ ಮಾನದಂಡದಂತೆ ಇಂಥ ಹಾಳೆಯ ಇಂಗಾಲದ ನೂರಕ್ಕೆ 90 ಪಾಲು ಎರಡು ವರ್ಷದೊಳಗೆ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಬೇಕು. ಆ ಪರೀಕ್ಷೆ ನಡೆಯುವುದು ಹದವಾದ ತೇವವಿರುವ ಪ್ರಯೋಗಾಲಯದ ಮಣ್ಣಿನಲ್ಲಿ. ಬೇಸಿಗೆಯಲ್ಲಿ ಜತ್ತದ ಹೊಲ ತಿಂಗಳುಗಟ್ಟಲೆ ಒಣಗಿರುತ್ತದೆ, ನೀರಿಲ್ಲದೆ ಪಾಲಿಯೆಸ್ಟರ್ ಸರಪಳಿ ಕಡಿಯುವುದಿಲ್ಲ. ಮೆಣಸಿಗೆ ಐದಾರು ತಿಂಗಳು ಬಾಳುವ ಹಾಳೆ ಸಾಕು, ದಾಳಿಂಬೆಗೆ ಅದು ಸಾಲದು. ಬೆಳೆಗೊಂದು ಮಿಶ್ರಣ ಮಾಡಿ, ಇಲ್ಲಿಯ ಮಣ್ಣಲ್ಲೇ ಹೂತು, ಮಳೆಗಾಲದ ಮುಂಚೆ ಮತ್ತು ನಂತರ ಅಗೆದು ತೂಗಿ ನೋಡಬೇಕು. ಇಂಥ ಪರೀಕ್ಷೆಗೆ ಕೈಜೋಡಿಸಲು ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಜತ್ತಕ್ಕೆ ದೂರವೇನಲ್ಲ.